ಹಳೆಯ ಪ್ರೋಗ್ರಾಂಗಳ ಹಿಂದಿನ ಮನುಷ್ಯ ಡೆನ್ನಿಸ್ ರಿಚಿ

ಕಳೆದ ಮಳೆಗಾಲದಲ್ಲಿ ನಮ್ಮ ಕಾಲೇಜು ಗ್ರಂಥಾಲಯದ ಮೂಲೆಯಲ್ಲಿದ್ದ ಹಳೆಯ ಕಂಪ್ಯೂಟರ್ ನಿಂತುಹೋಯಿತು. ಬಿಸ್ಕತ್ತಿನ ಬಣ್ಣದ ಪೆಟ್ಟಿಗೆ, ದಪ್ಪನೆಯ ಮಾನಿಟರ್, ಅಕ್ಷರ ಸವೆದ ಕೀಬೋರ್ಡ್. ಅದನ್ನು ನೋಡಿದಾಗಲೆಲ್ಲ ನಾವು ನಗುತ್ತಿದ್ದೆವು. ಆದರೆ ಅಂದು ಗ್ರಂಥಪಾಲಕಿ ಮೇಡಂ ಅವರ ಮುಖದಲ್ಲಿ ನಗು ಇರಲಿಲ್ಲ. ಸುಮಾರು ಇಪ್ಪತ್ತು ವರ್ಷದ ಹಿಂದೆ ಇಲ್ಲೇ ಓದಿದ ಹಳೆಯ ವಿದ್ಯಾರ್ಥಿಯೊಬ್ಬರು ಬರೆದುಕೊಟ್ಟ ಪ್ರೋಗ್ರಾಂ ಅದರಲ್ಲಿತ್ತು. ಯಾವ ಪುಸ್ತಕವನ್ನು ಯಾರು ದಾನವಾಗಿ ಕೊಟ್ಟರು, ಯಾವ ವರ್ಷ, ಯಾರ ನೆನಪಿಗಾಗಿ ಎಂಬ ಪಟ್ಟಿ ಅದೊಂದರಲ್ಲೇ ಉಳಿದಿತ್ತು. ಕಾಗದದ ರಿಜಿಸ್ಟರು ಒಂದು ವರ್ಷ ಮಾಡು ಸೋರಿ ನೆನೆದು ಮುದ್ದೆಯಾಗಿತ್ತಂತೆ.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ತಿರುಗಲೇ ಇಲ್ಲ. ಅದೃಷ್ಟಕ್ಕೆ ಬೀರುವಿನಲ್ಲಿ ಒಂದು ಸಿ.ಡಿ. ಸಿಕ್ಕಿತು. ಪ್ರತಿ ವರ್ಷ ಮಾರ್ಚ್‌ನಲ್ಲಿ ಮೇಡಂ ತಪ್ಪದೆ ಮಾಡಿಸುತ್ತಿದ್ದ ನಕಲು ಅದು. ಕಂಪ್ಯೂಟರ್ ಲ್ಯಾಬಿನ ಸರ್ ಆ ಸಿ.ಡಿ.ಯನ್ನು ನಮ್ಮ ಮೂವರ ಕೈಗೆ ಕೊಟ್ಟು, ಲ್ಯಾಬಿನ ಹೊಸ ಲಿನಕ್ಸ್ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ ಎಂದರು. ನಾವು ನಕಲು ಮಾಡಿ ಪ್ರೋಗ್ರಾಂ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆವು. ಅಂಥ ಫೈಲೇ ಇಲ್ಲ ಎಂದು ಉತ್ತರ ಬಂತು. ಪಟ್ಟಿ ತೆಗೆದು ನೋಡಿದರೆ ಫೈಲು ಕಣ್ಣೆದುರೇ ಇದೆ! ಮತ್ತೆ ಟೈಪ್ ಮಾಡಿದರೂ ಅದೇ ಉತ್ತರ. ನನ್ನ ಗೆಳತಿ ಸಿ.ಡಿ.ಯನ್ನು ದುಪಟ್ಟಾದಿಂದ ಒರೆಸಿ ಮತ್ತೊಮ್ಮೆ ನಕಲು ಮಾಡಿದಳು. ಏನೂ ಬದಲಾಗಲಿಲ್ಲ.

ಸರ್ ಆ ದಿನ ಕಾರಣ ಹೇಳಲಿಲ್ಲ. ಡೆನ್ನಿಸ್ ರಿಚಿ ಯಾರೆಂದು ಓದಿಕೊಂಡು ಬನ್ನಿ, ಆಮೇಲೆ ಮಾತಾಡೋಣ ಎಂದರು. ಹೆಸರು ನಾನು ಕೇಳಿರಲಿಲ್ಲ. ನೀವೂ ಬಹುಶಃ ಕೇಳಿರಲಿಕ್ಕಿಲ್ಲ. ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡೆನ್ನಿಸ್ ಮ್ಯಾಕಲಿಸ್ಟೇರ್ ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್ ಎಂಬ ಪ್ರಸಿದ್ಧ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಟೆಲಿಫೋನ್ ಕಂಪನಿಗೆ ಸೇರಿದ್ದ ಆ ಸಂಸ್ಥೆಯಲ್ಲೇ ಟ್ರಾನ್ಸಿಸ್ಟರ್ ಹುಟ್ಟಿದ್ದು. ಮಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ 1963ರಲ್ಲಿ ಪದವಿ ಪಡೆದರು. ಅಲ್ಲೇ ಅನ್ವಯಿಕ ಗಣಿತದಲ್ಲಿ ಪಿಎಚ್.ಡಿ.ಗೆ ಸೇರಿದರು. 1967ರಲ್ಲಿ ತಂದೆ ಇದ್ದ ಅದೇ ಬೆಲ್ ಲ್ಯಾಬ್ಸ್‌ಗೆ ಕೆಲಸಕ್ಕೆ ಬಂದರು. ಪಿಎಚ್.ಡಿ. ಪ್ರಬಂಧ 1968ರಲ್ಲಿ ಬರೆದು ಮುಗಿಸಿದರು, ಆದರೆ ಪದವಿ ಅವರಿಗೆ ಎಂದೂ ಸಿಗಲಿಲ್ಲ. ಅದರ ಕಥೆ ವಿಚಿತ್ರವಾಗಿದೆ, ಕೊನೆಗೆ ಹೇಳುತ್ತೇನೆ.

ಆ ಕಾಲದ ಕಂಪ್ಯೂಟರ್ ಹೇಗಿತ್ತು ಎಂದು ಊಹಿಸಿಕೊಳ್ಳುವುದು ನಮಗೆ ಕಷ್ಟ. ಒಂದು ಯಂತ್ರಕ್ಕೆ ಬರೆದ ಪ್ರೋಗ್ರಾಂ ಇನ್ನೊಂದು ಕಂಪನಿಯ ಯಂತ್ರದಲ್ಲಿ ಸಾಮಾನ್ಯವಾಗಿ ಓಡುತ್ತಿರಲಿಲ್ಲ. ಆಪರೇಟಿಂಗ್ ಸಿಸ್ಟಂ ಅಂತೂ ಹೆಚ್ಚಾಗಿ ಆಯಾ ಯಂತ್ರದ ಅಸೆಂಬ್ಲಿ ಭಾಷೆಯಲ್ಲೇ ಬರೆದದ್ದು. ಯಂತ್ರ ಹಳತಾಗಿ ಮೂಲೆ ಸೇರಿದರೆ ವರ್ಷಗಟ್ಟಲೆ ಬರೆದ ಪ್ರೋಗ್ರಾಂಗಳೂ ಅದರ ಜೊತೆಗೇ ಹೋಗುತ್ತಿದ್ದವು. ನಮ್ಮ ಗ್ರಂಥಾಲಯದಲ್ಲಿ ಒಮ್ಮೆ ಆದದ್ದು ಆಗ ಎಲ್ಲ ಕಡೆ ಪ್ರತಿ ಕೆಲವು ವರ್ಷಕ್ಕೊಮ್ಮೆ ಆಗುತ್ತಿತ್ತು.

ರಿಚಿ ಸೇರಿದಾಗ ಬೆಲ್ ಲ್ಯಾಬ್ಸ್, ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಮಲ್ಟಿಕ್ಸ್ ಎಂಬ ದೊಡ್ಡ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದವು. ಕೆಲಸ ಎಳೆಯುತ್ತಾ ಹೋಯಿತು, ಖರ್ಚು ಏರಿತು. 1969ರಲ್ಲಿ ಬೆಲ್ ಲ್ಯಾಬ್ಸ್ ಕೈಬಿಟ್ಟಿತು. ಅಲ್ಲಿ ಕೆಲಸ ಮಾಡುತ್ತಿದ್ದವರಿಗೆ ಹಲವರು ಒಟ್ಟಿಗೆ ಕೂತು ಬಳಸಬಹುದಾದ ಒಂದು ಒಳ್ಳೆಯ ವ್ಯವಸ್ಥೆ ಕೈತಪ್ಪಿದ ಬೇಸರ. ಅವರಲ್ಲಿ ಕೆನ್ ಥಾಂಪ್ಸನ್ ಒಬ್ಬರು. ಅಷ್ಟಾಗಿ ಯಾರೂ ಬಳಸದೆ ಬಿದ್ದಿದ್ದ ಪಿಡಿಪಿ-7 ಎಂಬ ಸಣ್ಣ ಯಂತ್ರವೊಂದು ಅವರ ಕಣ್ಣಿಗೆ ಬಿತ್ತು. ಬಾಹ್ಯಾಕಾಶದಲ್ಲಿ ನೌಕೆ ಓಡಿಸುವ ತಮ್ಮ ಆಟವೊಂದನ್ನು ಥಾಂಪ್ಸನ್ ಮತ್ತು ರಿಚಿ ಸೇರಿ ಆ ಯಂತ್ರಕ್ಕೆ ಹೊಸದಾಗಿ ಬರೆದರು. ಆಟದಿಂದ ಯಂತ್ರದ ಪರಿಚಯವಾಯಿತು. ಅದೇ ಬೇಸಿಗೆಯಲ್ಲಿ ಥಾಂಪ್ಸನ್ ಅದರ ಮೇಲೆ ಆಪರೇಟಿಂಗ್ ಸಿಸ್ಟಂ ಒಂದನ್ನು ಎಬ್ಬಿಸಿ ನಿಲ್ಲಿಸಿದರು. ಅದರ ಫೈಲು ವ್ಯವಸ್ಥೆಯನ್ನು ಥಾಂಪ್ಸನ್, ರಿಚಿ ಮತ್ತು ರಡ್ ಕೆನಡೇ ಸೇರಿ ಕಪ್ಪುಹಲಗೆಯ ಮೇಲೆ ರೂಪಿಸಿದ್ದರು. ಮಲ್ಟಿಕ್ಸ್ ಹೆಸರನ್ನೇ ತಮಾಷೆಗೆ ತಿರುಚಿ ಅದಕ್ಕೆ ಯುನಿಕ್ಸ್ ಎಂದು ಹೆಸರಾಯಿತು.

ಮೊಬೈಲಿನಲ್ಲಿ ಆಟ ಆಡಿದ್ದಕ್ಕೆ ಬೈಸಿಕೊಂಡವರು ಈ ಭಾಗವನ್ನು ಮನೆಯಲ್ಲಿ ಓದಿ ಹೇಳಬಹುದು. ಆದರೆ ಅವರಿಬ್ಬರು ಆಟವನ್ನು ಬರೆದವರು, ಬರಿದೇ ಆಡಿದವರಲ್ಲ ಎಂಬುದನ್ನೂ ಓದಬೇಕಾಗುತ್ತದೆ.

1970ರಲ್ಲಿ ಅವರಿಗೆ ಪಿಡಿಪಿ-11 ಎಂಬ ಹೊಸ ಯಂತ್ರ ಸಿಕ್ಕಿತು. ಆಪರೇಟಿಂಗ್ ಸಿಸ್ಟಂ ಮಾಡುತ್ತೇವೆ ಎಂದರೆ ಮೇಲಿನವರು ದುಡ್ಡು ಕೊಡುವಂತಿರಲಿಲ್ಲ. ಮಲ್ಟಿಕ್ಸ್‌ನಲ್ಲಿ ಕೈ ಸುಟ್ಟುಕೊಂಡಿದ್ದರಲ್ಲ. ಹಾಗಾಗಿ ದಾಖಲೆಗಳನ್ನು ಟೈಪಿಸಿ ಸಜ್ಜುಗೊಳಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದು ಕೇಳಿ ಪಡೆದರು. ಸಂಸ್ಥೆಯ ಪೇಟೆಂಟ್ ವಿಭಾಗದ ಬೆರಳಚ್ಚುಗಾರರೇ ಯುನಿಕ್ಸ್‌ನ ಮೊದಲ ನಿಜವಾದ ಬಳಕೆದಾರರಾದರು. ಆ ಯಂತ್ರದ ಮೆಮೊರಿ 24 ಕಿಲೋಬೈಟ್. ನಾವು ವಾಟ್ಸಪ್‌ನಲ್ಲಿ ಕಳಿಸುವ ಒಂದು ಫೋಟೊ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಅದರಲ್ಲೇ ಆಪರೇಟಿಂಗ್ ಸಿಸ್ಟಂ, ಅದರಲ್ಲೇ ಬಳಕೆದಾರರ ಪ್ರೋಗ್ರಾಂ. 1971ರ ನವೆಂಬರ್ 3ರ ದಿನಾಂಕ ಹೊತ್ತು ಮೊದಲ ಕೈಪಿಡಿ ಬಂತು. ಅದನ್ನೇ ಯುನಿಕ್ಸ್‌ನ ಮೊದಲ ಆವೃತ್ತಿ ಎನ್ನುತ್ತಾರೆ.

ಈ ಮೊದಲ ಆವೃತ್ತಿ ಅಸೆಂಬ್ಲಿಯಲ್ಲಿತ್ತು, ಅಂದರೆ ಪಿಡಿಪಿ-11ಕ್ಕೇ ಕಟ್ಟಿಹಾಕಿದ್ದು. ರಿಚಿಯವರ ಬದುಕಿನ ಮುಖ್ಯ ಕೆಲಸ ಶುರುವಾಗುವುದು ಇಲ್ಲಿಂದ. ಥಾಂಪ್ಸನ್ ಮೊದಲೇ ಬಿ ಎಂಬ ಸಣ್ಣ ಭಾಷೆ ಮಾಡಿದ್ದರು. ಅದರಲ್ಲಿ ಅಂಕಿ, ಅಕ್ಷರ ಎಂಬ ಭೇದ ಇರಲಿಲ್ಲ. ಎಲ್ಲವೂ ಒಂದೇ ಅಳತೆಯ ಪದ. ಪಿಡಿಪಿ-7ಕ್ಕೆ ಅದು ಹೊಂದುತ್ತಿತ್ತು. ಪಿಡಿಪಿ-11ರಲ್ಲಿ ಒಂದೊಂದು ಬೈಟನ್ನೂ ಬೇರೆಬೇರೆಯಾಗಿ ಮುಟ್ಟಬಹುದಾಗಿತ್ತು, ಹಾಗಾಗಿ ಒಂದೇ ಅಳತೆಯ ಭಾಷೆ ಅಲ್ಲಿ ಎಡವುತ್ತಿತ್ತು. ರಿಚಿ 1971ರಿಂದ ಆ ಭಾಷೆಗೆ ಟೈಪ್‌ಗಳನ್ನು ಸೇರಿಸುತ್ತಾ ಬಂದರು. ಇದು ಅಕ್ಷರ, ಇದು ಪೂರ್ಣಾಂಕ ಎಂದು ಹೇಳುವ ಅವಕಾಶ ಬಂತು. 1972ರ ಹೊತ್ತಿಗೆ ಅದು ಹೊಸ ಭಾಷೆಯೇ ಆಗಿತ್ತು. ಬಿ ಆದಮೇಲೆ ಸಿ ಎಂದು ಹೆಸರಿಟ್ಟರು. ಟೈಪ್ ಹೇಳದೆ ಬಿಟ್ಟರೆ ಪೂರ್ಣಾಂಕ ಎಂದೇ ತಿಳಿಯುವ ಬಿ ಭಾಷೆಯ ಹಳೆಯ ಅಭ್ಯಾಸ ಸಿ ಭಾಷೆಯಲ್ಲೂ ಉಳಿಯಿತು. ಇದನ್ನು ನೆನಪಿಡಿ, ಮುಂದೆ ನಮ್ಮ ಲ್ಯಾಬಿಗೇ ಬಂದು ತೊಂದರೆ ಕೊಡುತ್ತದೆ.

ಇಡೀ ಯುನಿಕ್ಸನ್ನು ಸಿ ಭಾಷೆಯಲ್ಲಿ ಬರೆಯಲು 1972ರಲ್ಲಿ ಥಾಂಪ್ಸನ್ ಒಮ್ಮೆ ಪ್ರಯತ್ನಿಸಿ ಬಿಟ್ಟುಬಿಟ್ಟರು. ಆಪರೇಟಿಂಗ್ ಸಿಸ್ಟಂ ಎಂದರೆ ಪಟ್ಟಿಗಳ ರಾಶಿ. ಒಂದು ಫೈಲಿನ ಅಳತೆ, ಒಡೆಯ, ಜಾಗ ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿಡಬೇಕು. ಆಗಿನ ಸಿ ಭಾಷೆಯಲ್ಲಿ ಹಾಗೆ ಗಂಟು ಕಟ್ಟುವ ದಾರಿಯೇ ಇರಲಿಲ್ಲ. ಆಮೇಲೆ ರಿಚಿ ಸ್ಟ್ರಕ್ಚರ್ ಎಂಬುದನ್ನು ಸೇರಿಸಿದರು. 1973ರ ಬೇಸಿಗೆಯಲ್ಲಿ ಅವರಿಬ್ಬರು ಸೇರಿ ಯುನಿಕ್ಸ್‌ನ ತಿರುಳನ್ನು ಸಿ ಭಾಷೆಯಲ್ಲಿ ಬರೆದು ಮುಗಿಸಿದರು. ಮುಂದಿನ ವರ್ಷ ಜುಲೈನಲ್ಲಿ ಇಬ್ಬರ ಲೇಖನ ಪ್ರಕಟವಾಯಿತು, ವಿಶ್ವವಿದ್ಯಾಲಯಗಳು ಯುನಿಕ್ಸ್ ಬೇಕೆಂದು ಕೇಳತೊಡಗಿದವು.

ಆದರೂ ಅದು ಪಿಡಿಪಿ-11 ಬಿಟ್ಟು ಹೊರಗೆ ಹೋಗಿರಲಿಲ್ಲ. 1977ರಲ್ಲಿ ರಿಚಿ ಮತ್ತು ಸ್ಟೀವ್ ಜಾನ್ಸನ್ ಅದನ್ನು ಇಂಟರ್‌ಡೇಟಾ 8/32 ಎಂಬ ಪೂರ್ತಿ ಬೇರೆ ಜಾತಿಯ ಯಂತ್ರಕ್ಕೆ ಒಯ್ಯಲು ಕೂತರು. ಅದೇ ಕಾಲಕ್ಕೆ ಆಸ್ಟ್ರೇಲಿಯಾದ ವೊಲೊಂಗಾಂಗ್‌ನಲ್ಲಿ ರಿಚರ್ಡ್ ಮಿಲ್ಲರ್ ಅದರ ತಮ್ಮನಂಥ 7/32 ಯಂತ್ರಕ್ಕೆ ತಾವೇ ಒಯ್ದರು. ಜಾನ್ಸನ್ ಮತ್ತು ರಿಚಿ ಅವರ ಯೋಚನೆ ನನಗೆ ತುಂಬ ಹಿಡಿಸಿತು. ಹೊಸ ಯಂತ್ರ ಬಂದಾಗ ನೂರಾರು ಪ್ರೋಗ್ರಾಂಗಳನ್ನು ಒಂದೊಂದಾಗಿ ತಿದ್ದುವುದಕ್ಕಿಂತ, ಅವು ನಂಬಿಕೊಂಡ ಆಪರೇಟಿಂಗ್ ಸಿಸ್ಟಮನ್ನೇ ಹೊಸ ಯಂತ್ರಕ್ಕೆ ಒಯ್ದರೆ ಪ್ರೋಗ್ರಾಂಗಳು ಹಿಂದೆಯೇ ಬರುತ್ತವೆ. ಮನೆಮಂದಿಯನ್ನು ಒಬ್ಬೊಬ್ಬರನ್ನಾಗಿ ಹೊಸ ಊರಿಗೆ ಒಗ್ಗಿಸುವ ಬದಲು ಮನೆಯನ್ನೇ ಎತ್ತಿ ಅಲ್ಲಿಡುವ ಹಾಗೆ.

ಎತ್ತಲು ಹೋದಾಗ ಎಲ್ಲೆಲ್ಲಿ ಅಂಟಿಕೊಂಡಿದೆ ಎಂಬುದು ಗೊತ್ತಾಯಿತು. ಪಿಡಿಪಿ-11ರಲ್ಲಿ ಪೂರ್ಣಾಂಕ ಎರಡು ಬೈಟ್, ಇಂಟರ್‌ಡೇಟಾದಲ್ಲಿ ನಾಲ್ಕು. ಬೈಟ್‌ಗಳನ್ನು ಜೋಡಿಸುವ ಕ್ರಮ ಕೂಡ ಯಂತ್ರದಿಂದ ಯಂತ್ರಕ್ಕೆ ಬೇರೆ. ಯುನಿಕ್ಸ್ ಎಂಬ ಇಂಗ್ಲಿಷ್ ಪದದ ನಾಲ್ಕು ಅಕ್ಷರಗಳು ಎರಡೆರಡಾಗಿ ಅದಲುಬದಲಾದರೆ ನುಕ್ಸಿ ಆಗುತ್ತದೆ. ಕಂಪ್ಯೂಟರಿನವರು ಇಂದಿಗೂ ಈ ತೊಂದರೆಯನ್ನು ನುಕ್ಸಿ ಎಂದೇ ಕರೆಯುತ್ತಾರೆ. ಮೆಮೊರಿಯ ವಿಳಾಸವನ್ನೂ ಪೂರ್ಣಾಂಕವನ್ನೂ ಒಂದೇ ಎಂದುಕೊಂಡು ಬರೆದ ಸಾಲುಗಳು ಎಲ್ಲೆಂದರಲ್ಲಿ ಇದ್ದವು. ಇಂಥವನ್ನು ಸರಿಪಡಿಸುತ್ತಾ ಹೋದಂತೆ ಸಿ ಭಾಷೆಯೂ ಬಲವಾಯಿತು. 1978ರಲ್ಲಿ ಬ್ರಯಾನ್ ಕರ್ನಿಹಾನ್ ಜೊತೆ ರಿಚಿ ಬರೆದ ಸಿ ಭಾಷೆಯ ಪುಸ್ತಕ ಬಂತು. ತೆಳ್ಳಗಿನ ಪುಸ್ತಕ. ನಾವು ಯಾವ ಭಾಷೆ ಕಲಿತರೂ ಮೊದಲು ಜಗತ್ತಿಗೆ ನಮಸ್ಕಾರ ಹೇಳುವ ಪ್ರೋಗ್ರಾಂ ಬರೆಯುತ್ತೇವಲ್ಲ, ಆ ಸಂಪ್ರದಾಯ ಮನೆಮಾತಾದದ್ದು ಆ ಪುಸ್ತಕದಿಂದ. ನಮ್ಮ ಸೀನಿಯರ್‌ಗಳು ಕಲಿತ ಸಿ++ ಹುಟ್ಟಿದ್ದು ಸಿ ಭಾಷೆಯಿಂದ, ಅದೇ ಬೆಲ್ ಲ್ಯಾಬ್ಸ್‌ನಲ್ಲಿ. ನಾವು ಕಲಿಯುವ ಪೈಥಾನ್ ಭಾಷೆಯ ಮುಖ್ಯ ಇಂಟರ್‌ಪ್ರಿಟರ್ ಬರೆದಿರುವುದು ಸಿ ಭಾಷೆಯಲ್ಲಿ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸ್ ಯುನಿಕ್ಸ್‌ನ ಸೋರ್ಸ್ ಕೋಡಿನಿಂದ ಬಂದದ್ದಲ್ಲ, ಆದರೆ ಅದರ ರೀತಿನೀತಿಯಲ್ಲಿ ನಡೆಯುತ್ತದೆ, ಬರೆದದ್ದೂ ಸಿ ಭಾಷೆಯಲ್ಲಿ. ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೆ ಇರುವುದು ಅದೇ ಲಿನಕ್ಸ್.

ಇಷ್ಟು ಓದಿಕೊಂಡು ಮುಂದಿನ ವಾರ, ಶುಕ್ರವಾರ ಜುಮಾ ಬಿಡುವು ಮುಗಿದ ಮೇಲೆ, ನಾವು ಲ್ಯಾಬಿಗೆ ಹೋದೆವು. ಈಗ ಸರ್ ಬಿಡಿಸಿ ಹೇಳಿದರು. ಲಿನಕ್ಸ್‌ನಲ್ಲಿ ಪ್ರೋಗ್ರಾಂ ಸಾಮಾನ್ಯವಾಗಿ ತಾನೊಂದೇ ಓಡುವುದಿಲ್ಲ. ತನ್ನನ್ನು ಎಬ್ಬಿಸಬೇಕಾದ ಲೋಡರ್ ಎಂಬ ಇನ್ನೊಂದು ಸಣ್ಣ ಪ್ರೋಗ್ರಾಂನ ವಿಳಾಸವನ್ನು ಒಳಗೆ ಬರೆದುಕೊಂಡಿರುತ್ತದೆ. ನಮ್ಮ ಹಳೆಯ ಪ್ರೋಗ್ರಾಂ 32 ಬಿಟ್ ಕಾಲದ್ದು, ಲ್ಯಾಬಿನ ಕಂಪ್ಯೂಟರ್ 64 ಬಿಟ್‌ನದ್ದು. ಹಳೆಯ ಲೋಡರ್ ಇಲ್ಲಿ ಹಾಕಿಯೇ ಇರಲಿಲ್ಲ. ಕಾಣೆಯಾದದ್ದು ಅದು, ನಮಗೆ ಕಂಡ ದೂರು ಮಾತ್ರ ನಮ್ಮ ಪ್ರೋಗ್ರಾಂ ಹೆಸರಿನಲ್ಲಿ. ಬೀಗದ ಕೈ ಇಟ್ಟುಕೊಂಡವನು ಊರಲ್ಲಿಲ್ಲ ಎನ್ನುವ ಬದಲು ಮನೆಯೇ ಇಲ್ಲ ಎಂದ ಹಾಗೆ.

ಆ 32 ಬಿಟ್ ಲೋಡರನ್ನು ಹಾಕಿದೆವು. ಈಗ ಇನ್ನೊಂದು ದೂರು. ಪರದೆಯ ಮೇಲೆ ಮೆನು ಬಿಡಿಸಲು ಪ್ರೋಗ್ರಾಂ ನಂಬಿಕೊಂಡಿದ್ದ ಎನ್‌ಕರ್ಸಸ್ ಎಂಬ ಲೈಬ್ರರಿಯ 5ನೇ ಆವೃತ್ತಿ ಇಲ್ಲಿಲ್ಲ, ಇರುವುದು 6. (ಇದು ಪುಸ್ತಕದ ಲೈಬ್ರರಿ ಅಲ್ಲ. ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿಗೂ ಲೈಬ್ರರಿ ಎಂದೇ ಹೆಸರು.) ಹಳೆಯದನ್ನು ಎಲ್ಲಿಂದಾದರೂ ಹುಡುಕಿ ಹಾಕಬಹುದಿತ್ತು. ಸರ್ ಬೇಡವೆಂದರು. ಎರಡು ವರ್ಷಕ್ಕೊಮ್ಮೆ ಹೀಗೆ ಹುಡುಕುತ್ತಾ ಕೂರಬೇಕಾಗುತ್ತದೆ, ಸಿ.ಡಿ.ಯಲ್ಲಿ ಸೋರ್ಸ್ ಕೋಡ್ ಇದೆಯೇ ನೋಡಿ ಎಂದರು. ಇತ್ತು. ಸಿ ಭಾಷೆಯಲ್ಲಿ ಬರೆದ ಒಂದೇ ಉದ್ದದ ಫೈಲು, ಮೇಲೆ ಬರೆದವರ ಇನಿಶಿಯಲ್ ಮತ್ತು ವರ್ಷ.

ಅದನ್ನು ಹೊಸ ಕಂಪೈಲರಿಗೆ ಕೊಟ್ಟಾಗ ಪರದೆ ತುಂಬ ತಪ್ಪುಗಳ ಸಾಲು. ಕೆಲವು ಫಂಕ್ಷನ್‌ಗಳ ಮುಂದೆ ಟೈಪ್ ಇಲ್ಲ, ಕೆಲವನ್ನು ಮೊದಲೇ ಹೇಳದೆ ಕರೆದಿದೆ. ಟೈಪ್ ಹೇಳದಿದ್ದರೆ ಪೂರ್ಣಾಂಕ ಎಂದುಕೊಳ್ಳುವ ಆ ಬಿ ಕಾಲದ ಅಭ್ಯಾಸವೇ! 1999ರ ಸಿ ಭಾಷೆಯ ನಿಯಮಾವಳಿಯಲ್ಲೇ ಅದನ್ನು ತೆಗೆದುಹಾಕಿದ್ದರು. ಕಂಪೈಲರ್‌ಗಳು ಬಹುಕಾಲ ಎಚ್ಚರಿಕೆಯಷ್ಟೇ ಕೊಟ್ಟು ಬಿಡುತ್ತಿದ್ದವು. 2024ರಲ್ಲಿ ಬಂದ ಜಿಸಿಸಿ 14ರಿಂದ ಅದನ್ನು ತಪ್ಪೆಂದೇ ತಿರಸ್ಕರಿಸುತ್ತಾರೆ. ಆದರೆ ಇದು 1989ರ ಕಾಲದ ಸಿ ಎಂದು ತಿಳಿದು ಓದು ಎಂದು ಕಂಪೈಲರಿಗೆ ಹೇಳುವ ಒಂದು ಆಯ್ಕೆಯನ್ನು ಇಂದಿಗೂ ಉಳಿಸಿದ್ದಾರೆ. ಅದನ್ನು ಕೊಟ್ಟೊಡನೆ ತಪ್ಪುಗಳೆಲ್ಲ ಎಚ್ಚರಿಕೆಗಳಾಗಿ ಇಳಿದವು. ಪ್ರೋಗ್ರಾಂ ತಯಾರಾಯಿತು. ನೀಲಿ ಮೆನು ಬಂತು. ನಾವು ಚಪ್ಪಾಳೆ ತಟ್ಟಿದೆವು.

ಚಪ್ಪಾಳೆ ಬೇಗ ಆಯಿತು. ದಾನಿಗಳ ಪಟ್ಟಿ ತೆರೆದರೆ ಮೊದಲ ಹೆಸರಿನ ಮೊದಲ ನಾಲ್ಕು ಅಕ್ಷರ ಕಾಣೆ. ಎರಡನೇ ಸಾಲಿನಲ್ಲಿ ಇನ್ನಷ್ಟು ಕಾಣೆ. ಹತ್ತನೇ ಸಾಲಿಗೆ ಬರುವಾಗ ವರ್ಷದ ಜಾಗದಲ್ಲಿ ಏನೇನೋ ದೊಡ್ಡ ಸಂಖ್ಯೆ. ಮೇಡಂ ಹಿಂದೆ ನಿಂತು ನೋಡುತ್ತಿದ್ದರು. ಎಲ್ಲ ಹೋಯಿತೇ ಎಂದು ಕೇಳಿದರು. ಆ ಕ್ಷಣ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ನಾವೇ ಏನೋ ಕೆಡಿಸಿದೆವು ಎಂದುಕೊಂಡೆ.

ರಿಚಿಯವರ ಬಗ್ಗೆ ಓದಿರದಿದ್ದರೆ ಅಲ್ಲಿಗೇ ಬಿಡುತ್ತಿದ್ದೆವೇನೋ. ಸೋರ್ಸ್ ಕೋಡಿನಲ್ಲಿ ಒಂದೊಂದು ಪುಸ್ತಕದ ವಿವರವೂ ಒಂದು ಸ್ಟ್ರಕ್ಚರ್. 1973ರಲ್ಲಿ ಅವರು ಸೇರಿಸಿದ ಅದೇ ಗಂಟು. ಮೊದಲು ಪುಸ್ತಕದ ಸಂಖ್ಯೆ, ಆಮೇಲೆ ದಾನಿಯ ಹೆಸರು, ಆಮೇಲೆ ವರ್ಷ. ಸಂಖ್ಯೆಗೆ ಲಾಂಗ್ ಎಂಬ ಟೈಪ್ ಕೊಟ್ಟಿದ್ದರು. 32 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ ಎಂದರೆ 4 ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ 8. ಹೊಸ ಪ್ರೋಗ್ರಾಂ ಸಂಖ್ಯೆ ಓದುವ ಭರದಲ್ಲಿ ಪಕ್ಕದ ಹೆಸರಿನ ನಾಲ್ಕು ಅಕ್ಷರವನ್ನೂ ನುಂಗುತ್ತಿತ್ತು. ಎರಡು ಬೈಟ್, ನಾಲ್ಕು ಬೈಟ್ ಎಂದು ರಿಚಿ ಮತ್ತು ಜಾನ್ಸನ್ 1977ರಲ್ಲಿ ಒದ್ದಾಡಿದ ಹಾಗೆಯೇ ಇದು. ಫೈಲು ಕೆಟ್ಟಿರಲಿಲ್ಲ, ನಾವು ತಪ್ಪು ಅಳತೆಯಲ್ಲಿ ಓದುತ್ತಿದ್ದೆವು. ಇದನ್ನು ಮೊದಲು ಕಂಡುಹಿಡಿದದ್ದು ನನ್ನ ಗೆಳತಿ. ನಾನು ಬರೆಯುತ್ತಿದ್ದೇನೆ ಅಷ್ಟೇ. ಲಾಂಗ್ ಇದ್ದ ಕಡೆಗಳಲ್ಲೆಲ್ಲ ಯಾವ ಯಂತ್ರದಲ್ಲೂ ನಾಲ್ಕೇ ಬೈಟ್ ಇರುವ ಟೈಪ್ ಹಾಕಿದೆವು.

ರಿಚಿಯವರ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಪ್ರಶಸ್ತಿಗಳದ್ದಲ್ಲ. ಪ್ರಶಸ್ತಿಗಳು ಬಂದವು. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ, 1999ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ಅವರಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2011ರಲ್ಲಿ ಜಪಾನ್ ಪ್ರಶಸ್ತಿ. ಇಷ್ಟವಾದದ್ದು ಅವರ ಹಳೆಯ ಟೇಪುಗಳ ಕಥೆ. 1970ರ ದಶಕದ ಆರಂಭದ ಕೆಲವು ಮ್ಯಾಗ್ನೆಟಿಕ್ ಟೇಪುಗಳು ಅವರ ಬಳಿ ಉಳಿದಿದ್ದವು. ಅವನ್ನು ಓದುವ ಯಂತ್ರಗಳೇ ಮಾಯವಾಗಿದ್ದ ಕಾಲದಲ್ಲಿ ಗೆಳೆಯರ ನೆರವಿನಿಂದ ಅವನ್ನು ಓದಿಸಿದರು. ಒಳಗೆ ತಾವೇ ಬರೆದ ಎರಡು ತುಂಬ ಹಳೆಯ ಸಿ ಕಂಪೈಲರ್‌ಗಳ ಸೋರ್ಸ್ ಕೋಡ್ ಇತ್ತು. ಅವುಗಳಲ್ಲಿ ಒಂದು ಸ್ಟ್ರಕ್ಚರ್ ಸೇರುವುದಕ್ಕೆ ಸ್ವಲ್ಪ ಮುಂಚಿನದ್ದು. ಕೋಡ್ ಒರಟಾಗಿತ್ತು. ದೊಡ್ಡ ಹೆಸರು ಮಾಡಿದವರು ತಮ್ಮ ಕಲಿಕೆಯ ಕಾಲದ ಗೀಚಾಟವನ್ನು ಸಾಮಾನ್ಯವಾಗಿ ಮುಚ್ಚಿಡುತ್ತಾರೆ. ರಿಚಿ ಅದನ್ನು ಇದ್ದ ಹಾಗೆಯೇ, ವಿವರಣೆ ಬರೆದು, ಎಲ್ಲರೂ ನೋಡುವಂತೆ ಇಟ್ಟರು.

ಅದರಿಂದ ಮುಂದೆ ಉಪಯೋಗವಾಯಿತು. ಹಳೆಯ ಯುನಿಕ್ಸ್ ಉಳಿಸಬೇಕೆಂದು ಆಸ್ಟ್ರೇಲಿಯಾದ ವಾರನ್ ಟೂಮಿ ಒಂದು ಬಳಗ ಕಟ್ಟಿದ್ದರು. ಹಳೆಯ ಯುನಿಕ್ಸ್ ಆವೃತ್ತಿಗಳ ಪಿಡಿಪಿ-11 ಪ್ರೋಗ್ರಾಂಗಳನ್ನು ಇಂದಿನ ಯುನಿಕ್ಸ್ ಮೇಲೆ ಓಡಿಸುವ ಅಪೌಟ್ ಎಂಬ ಪ್ರೋಗ್ರಾಂ ಬರೆದವರೂ ಅವರೇ. ಹಳೆಯ ಪ್ರೋಗ್ರಾಂ ಪಿಡಿಪಿ-11ಕ್ಕೆ ಕೊಡುವ ಒಂದೊಂದು ಆಜ್ಞೆಯನ್ನೂ ಅದು ತಾನು ಅನುಕರಿಸುತ್ತದೆ. ಫೈಲು ತೆರೆ, ಓದು ಎಂದು ಆಪರೇಟಿಂಗ್ ಸಿಸ್ಟಮನ್ನು ಕೇಳಿಕೊಂಡಾಗ ಆ ಕೋರಿಕೆಯನ್ನು ಇಂದಿನ ಯುನಿಕ್ಸ್‌ಗೆ ದಾಟಿಸುತ್ತದೆ. ಒಂಥರಾ ದುಭಾಷಿ. 1971ರ ಮೊದಲ ಆವೃತ್ತಿಯ ತಿರುಳು ಮಾತ್ರ ಯಾವ ಟೇಪಿನಲ್ಲೂ ಉಳಿದಿರಲಿಲ್ಲ. ಅದರ ಅಸೆಂಬ್ಲಿ ಕೋಡ್ 1972ರ ಒಂದು ಕಾಗದದ ದಾಖಲೆಯಲ್ಲಿ ಮುದ್ರಿತವಾಗಿ ಉಳಿದಿತ್ತು. 2008ರಲ್ಲಿ ಸ್ವಯಂಸೇವಕರು ಆ ಪುಟಗಳನ್ನು ಸ್ಕ್ಯಾನಿನಿಂದ ಮತ್ತೆ ಅಕ್ಷರಕ್ಕಿಳಿಸಿ, ಸಾಲು ಸಾಲು ತಿದ್ದಿ, ಪಿಡಿಪಿ-11ನ್ನು ಅನುಕರಿಸುವ ಸಿಮ್ಯುಲೇಟರ್ ಮೇಲೆ ಎಬ್ಬಿಸಿದರು. ತಿರುಳೊಂದಿದ್ದರೆ ಸಾಲದಲ್ಲ, ಅದರ ಮೇಲೆ ಓಡಲು ಆ ಕಾಲದ ಪ್ರೋಗ್ರಾಂಗಳು ಬೇಕು. ಅವು ಬಂದದ್ದು ರಿಚಿ ಒದಗಿಸಿದ ಟೇಪುಗಳ ಸರಕಿನಿಂದ. ಅವರು ಬದುಕಿದ್ದಾಗಲೇ ಇದು ಆಯಿತು.

ಹಳೆಯ ಫೈಲುಗಳು ಉಳಿದರೆ ಗುಟ್ಟೂ ಉಳಿಯುತ್ತದೆ. ಹಳೆಯ ಯುನಿಕ್ಸ್ ಸಂಗ್ರಹವೊಂದರಲ್ಲಿ ಅಂದಿನವರ ಪಾಸ್‌ವರ್ಡುಗಳು ಗೂಢ ರೂಪದಲ್ಲಿ ಸಿಕ್ಕಿದ್ದವು. 2019ರ ಹೊತ್ತಿಗೆ ಅವನ್ನು ಒಡೆದು ಓದಲಾಯಿತು. ರಿಚಿಯವರದ್ದು ಡಿ, ಎಂ, ಎ, ಸಿ ಎಂಬ ನಾಲ್ಕೇ ಅಕ್ಷರ, ಅವರ ಹೆಸರಿನಿಂದಲೇ ತೆಗೆದದ್ದು. ಪಾಸ್‌ವರ್ಡ್ ಆಗಿ ಹುಟ್ಟಿದ ದಿನಾಂಕ ಇಟ್ಟುಕೊಂಡ ನಮ್ಮ ತರಗತಿಯವರಿಗೆ ಸಮಾಧಾನ ಆಗಬಹುದು. ಅನುಕರಿಸಬೇಡಿ.

ರಿಚಿ 2007ರಲ್ಲಿ ನಿವೃತ್ತರಾದರು. ಒಬ್ಬರೇ ವಾಸವಾಗಿದ್ದರು. 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಅವರು ತೀರಿಕೊಂಡಿರುವುದು ತಿಳಿದುಬಂತು. 70 ವರ್ಷ. ಒಂದು ವಾರದ ಹಿಂದಷ್ಟೇ ಸ್ಟೀವ್ ಜಾಬ್ಸ್ ತೀರಿಕೊಂಡಿದ್ದರು, ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ರಿಚಿಯವರ ಸಾವನ್ನು ಹಳೆಯ ಸಹೋದ್ಯೋಗಿ ರಾಬ್ ಪೈಕ್ ಹೊರಗೆ ತಿಳಿಸಿದರು. ಇಬ್ಬರನ್ನೂ ತಕ್ಕಡಿಯಲ್ಲಿಟ್ಟು ತೂಗುವ ಬರಹಗಳು ಬೇಕಾದಷ್ಟಿವೆ, ನನಗೆ ಅವು ರುಚಿಸಲಿಲ್ಲ. ಆ ವರ್ಷದ ಫೆಡೋರಾ 16 ಲಿನಕ್ಸನ್ನು ಅದನ್ನು ಕಟ್ಟಿದವರು ರಿಚಿಯವರ ನೆನಪಿಗೆ ಅರ್ಪಿಸಿದರು.

ಪಿಎಚ್.ಡಿ. ಕಥೆ ಬಾಕಿ ಇದೆ. ಪ್ರಬಂಧ ಬರೆದಾಗಿತ್ತು, ಆದರೆ ನಿಯಮದಂತೆ ಬೈಂಡ್ ಮಾಡಿದ ಪ್ರತಿಯನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಬೇಕಿತ್ತು. ಅವರು ಕೊಡಲೇ ಇಲ್ಲ. ಜೊತೆಗೆ ಓದಿದವರೊಬ್ಬರ ನೆನಪಿನ ಪ್ರಕಾರ ಬೈಂಡಿಂಗಿನ ಖರ್ಚಿನ ಬಗ್ಗೆ ತಕರಾರಾಗಿತ್ತು. ಪದವಿ ಬರಲಿಲ್ಲ, ಅವರೂ ಅದರ ಹಿಂದೆ ಹೋಗಲಿಲ್ಲ. ತೀರಿಕೊಂಡ ಮೇಲೆ ಅವರ ಮಾರ್ಗದರ್ಶಕರಾಗಿದ್ದವರ ಪತ್ನಿಯ ಬಳಿ ಪ್ರತಿಯೊಂದು ಸಿಕ್ಕಿತು. 2020ರಲ್ಲಿ ಅಮೆರಿಕದ ಕಂಪ್ಯೂಟರ್ ಇತಿಹಾಸ ಮ್ಯೂಸಿಯಂ ಅದನ್ನು ಎಲ್ಲರಿಗೂ ಸಿಗುವಂತೆ ಮಾಡಿತು. ಬರೆದು 52 ವರ್ಷದ ಮೇಲೆ.

ಈ ಬೈಂಡಿಂಗ್ ಕಥೆ ಕೇಳಿ ಗ್ರಂಥಪಾಲಕಿ ಮೇಡಂ ಮೊದಲ ಬಾರಿ ಜೋರಾಗಿ ನಕ್ಕರು. ಅಷ್ಟು ಹೊತ್ತಿಗೆ ದಾನಿಗಳ ಪಟ್ಟಿ ಸರಿಯಾಗಿ ತೆರೆದಿತ್ತು. ಹೆಸರುಗಳು ಪೂರ್ತಿ, ವರ್ಷಗಳು ಸರಿ. ಅವರು ಸ್ಟೂಲ್ ಎಳೆದುಕೊಂಡು ಕೂತು ಒಂದೊಂದೇ ಪುಟ ಕೆಳಗೆ ಸರಿಸುತ್ತಾ ಹೋದರು. ಒಂದು ಹೆಸರಿನಲ್ಲಿ ನಿಂತು, ಇವರ ಮೊಮ್ಮಗ ಈಗ ಪ್ರಥಮ ಪಿಯುಸಿ ಕಾಮರ್ಸ್‌ನಲ್ಲಿದ್ದಾನೆ, ನಾಳೆ ಕರೆದು ತೋರಿಸಬೇಕು ಎಂದರು.

ಸೋರ್ಸ್ ಫೈಲಿನ ಮೇಲ್ಭಾಗದಲ್ಲಿ ಬರೆದವರ ಇನಿಶಿಯಲ್ ಕೆಳಗೆ ನಾವು ತಿದ್ದಿದ ಸಾಲುಗಳನ್ನೂ ದಿನಾಂಕವನ್ನೂ ಸೇರಿಸಿದ್ದೇವೆ. ಆ ಇನಿಶಿಯಲ್ ಯಾರದ್ದೆಂದು ಗೊತ್ತಿರುವ ಹಿರಿಯರು ಈ ಸಂಚಿಕೆ ಓದಿದರೆ ಗ್ರಂಥಾಲಯಕ್ಕೆ ತಿಳಿಸಿ. ಕೋಡ್ ಮತ್ತು ಪಟ್ಟಿಯ ಪ್ರತಿಗಳು ಲ್ಯಾಬಿನಲ್ಲಿ ಒಂದು, ಆಫೀಸಿನಲ್ಲಿ ಒಂದು ಇವೆ. ಮೂರನೆಯದನ್ನು ಕಾಗದದ ಮೇಲೆ ಮುದ್ರಿಸಿ, ಬೈಂಡ್ ಮಾಡಿಸಿ, ಮಾಡು ಸೋರದ ಕೋಣೆಯ ಬೀರುವಿನಲ್ಲಿ ಇಟ್ಟಿದ್ದೇವೆ. ಬೈಂಡಿಂಗ್ ಖರ್ಚನ್ನು ಸರ್ ತಮ್ಮ ಜೇಬಿನಿಂದ ಕೊಟ್ಟರು.